ಲಾಭ, ಎರಡು, ಮೂರು

ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹನ್ನೆರಡನೇ ಇಯತ್ತೆಯ ಹದಿನೆಂಟು ಮಕ್ಕಳಿಗೆ ಈ ಒಂದು ಸಂಗತಿಯನ್ನು ಒಪ್ಪಿಸಲು ಹೋಗಿ ನಾನು ಅವರಿಗೆ ಬರುತ್ತಿದ್ದ ಎಣಿಕೆಯನ್ನೂ ಕೆಡಿಸಿದೆ. ಅದನ್ನು ಮತ್ತೆ ಸರಿಪಡಿಸಿ ಫಲ ನೋಡುವಷ್ಟರಲ್ಲಿ ಅರ್ಧ ವರ್ಷ ದಾಟಿತು. ಆ ಅರ್ಧ ವರ್ಷದ ವರದಿಯನ್ನು, ಯಾರೂ ಕೇಳದಿದ್ದರೂ, ಇಲ್ಲಿ ಸಲ್ಲಿಸುತ್ತಿದ್ದೇನೆ.

ಪುಣೆಯ ನಮ್ಮ ಶಾಲೆಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮ. ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಪುಸ್ತಕಗಳು ಇಂಗ್ಲಿಷ್ ಆಗುತ್ತವೆ; ಮಕ್ಕಳು ಆಗುವುದಿಲ್ಲ. ಹೀಗಾಗಿ ನನ್ನ ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ ನಡೆಯುತ್ತದೆ. ಮೂರನೆಯದು ಮಾತ್ರ ಎಲ್ಲರಿಗೂ ಮೊದಲ ಸಲಕ್ಕೇ ತಿಳಿಯುತ್ತದೆ.

ಆ ವರ್ಷ ಬಿ.ಎಸ್ಸಿ. ಕಂಪ್ಯೂಟರಿಗೆ ಹೋಗಬೇಕೆಂದು ಹಟ ಹಿಡಿದವರಲ್ಲಿ ಒಬ್ಬಳು ಮಾಪಾಡಿಯ ಮಗಳು. ಮಾಪಾಡಿ ಅಂದರೆ ಮಾರ್ಕೆಟ್ ಯಾರ್ಡಿನಲ್ಲಿ ಧಾನ್ಯದ ಚೀಲಗಳನ್ನು ತೂಗಿ, ಎಣಿಸಿ, ಲಾರಿಗೆ ಹತ್ತಿಸುವವರೆಗೆ ಜವಾಬ್ದಾರಿ ಹೊರುವ ಮನುಷ್ಯ. ವಿಜಯಪುರದ ಕಡೆಯ ಕುಟುಂಬ, ಯೆರವಡಾದಲ್ಲಿ ಮನೆ. ತಂದೆ ಮಗಳ ನಡುವೆ ಒಂದು ಒಪ್ಪಂದವಾಗಿತ್ತು. ಪಾಲಕರ ಸಭೆಯಲ್ಲಿ ನನ್ನ ಮೇಜಿನ ಎದುರಿಗೇ ಆದದ್ದರಿಂದ ಅದಕ್ಕೆ ನಾನೇ ಸಾಕ್ಷಿ.

"ನೋಡ್ರಿ ಸರ್," ಎಂದಿದ್ದರು ತಂದೆ. "ನಮ್ಮ ಮನಿ ಮುಂದಿಂದ ಸೀದಾ ಬಸ್ ಹೋಗೂದು ಒಂದ ಕಾಲೇಜಿಗೆ. ಅಲ್ಲಿ ಸೀಟ್ ಸಿಕ್ರ ಕಂಪ್ಯೂಟರ್ ಕಲೀಲಿ. ಇಲ್ಲಂದ್ರ ನಮ್ಮ ಓಣ್ಯಾಗಿನ ಕಾಲೇಜಿನ್ಯಾಗ ಕಾಮರ್ಸ್. ಬ್ಯಾರೆ ಕಾಲೇಜಿಗಂತ ಎರಡು ಬಸ್ ಬದಲಿ ಮಾಡಿ ತಳೇಗಾಂವ ತನಕ ಕಳ್ಸೂದು ನನ್ನಿಂದ ಆಗಂಗಿಲ್ಲ."

"ನಡೀತದ ಅಪ್ಪ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಸರ್, ನೀವು ಕೇಳಿಸ್ಕೊಂಡ್ರಲ್ಲ?" ಎಂದಳು.

ಆ ಸೀದಾ ಬಸ್ಸಿನ ಕಾಲೇಜು ಹನ್ನೆರಡನೆಯ ಅಂಕಗಳನ್ನು ಮಾತ್ರ ನಂಬುವುದಿಲ್ಲ. ತನ್ನದೇ ಪ್ರವೇಶ ಪರೀಕ್ಷೆ ಇಡುತ್ತದೆ. ಕಾಗದದ ಮೇಲೆ ಪ್ರೋಗ್ರಾಮ್ ಕೊಟ್ಟು ಅದು ಏನು ಮಾಡುತ್ತದೆ ಎಂದು ಕೇಳುತ್ತಾರೆ. ಆಮೇಲೆ ಎದುರಿಗೆ ಕೂರಿಸಿ ಬರೆಸುತ್ತಾರೆ. ಬಾಯಿಪಾಠ ಮಾಡಿದವರು ಅಲ್ಲಿ ಉಳಿಯುವುದಿಲ್ಲ. ನಮ್ಮ ಮಕ್ಕಳ ಪ್ರಧಾನ ವಿದ್ಯೆ ಬಾಯಿಪಾಠ.

ಅದಕ್ಕೇ ನಾನು 'ಅರೇ' ಪಾಠವನ್ನು ಅರ್ಥ ಮಾಡಿಸಿಯೇ ಕಲಿಸುವುದೆಂದು ಸಂಕಲ್ಪ ಮಾಡಿದೆ. ಅರೇ ಅಂದರೆ ಒಂದೇ ಹೆಸರು ಹೊತ್ತು ಸಾಲಾಗಿ ಕೂತ ಡಬ್ಬಿಗಳು. ಐದು ಡಬ್ಬಿಗಳಿದ್ದರೆ ಅವುಗಳ ನಂಬರು ಸೊನ್ನೆ, ಒಂದು, ಎರಡು, ಮೂರು, ನಾಲ್ಕು. ಐದನೆಯ ನಂಬರಿನ ಡಬ್ಬಿ ಇರುವುದಿಲ್ಲ. ಮೊದಲನೆಯದು ಯಾಕೆ ಸೊನ್ನೆ ಎಂದು ಮಕ್ಕಳು ಕೇಳಿದರು. ನ್ಯಾಯವಾದ ಪ್ರಶ್ನೆ. ಖರಾಡಿಯ ಐಟಿ ಪಾರ್ಕಿನಿಂದ ಒಬ್ಬ ಇಂಜಿನಿಯರ್, ಬೆಂಗಳೂರಿನ ಹುಡುಗ, ಸಮಾಜಸೇವೆಗೆಂದು ನಮ್ಮಲ್ಲಿಗೆ ಬಂದಿದ್ದ. ಅವನನ್ನೇ ಕೇಳಿ ಎಂದೆ.

"ಅದು ಹಾಗೇನೇ ಇರೋದು," ಎಂದ ಅವನು. "ಜಸ್ಟ್ ಅಕ್ಸೆಪ್ಟ್ ಮಾಡ್ಕೊಳ್ಳಿ. ಒಂದು ವರ್ಷ ಕೋಡ್ ಬರೆದ್ರೆ ಅಭ್ಯಾಸ ಆಗತ್ತೆ."

ಜನಿವಾರ, ಮಂಗಳಸೂತ್ರಗಳ ಬಗ್ಗೆ ಹಿರಿಯರು ಕೊಡುವ ಉತ್ತರವೂ ಇದೇ. ಮಕ್ಕಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಮರುದಿನ ಬೋರ್ಡಿನ ಮುಂದೆ ನಿಂತಾಗ ನನಗೆ ಜ್ಞಾನೋದಯವಾಯಿತು. ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಸೇರಿಗೆ 'ಒಂದು' ಅನ್ನುವುದಿಲ್ಲ. 'ಲಾಭ' ಅನ್ನುತ್ತೇವೆ. ಶುಭವಾಗಲಿ ಎಂದು. ಲಾಭ, ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತದೆ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂಗಡಿ, ಅಡತಿ, ಗೋದಾಮುಗಳ ಮನೆಗಳವರು. ಎಲ್ಲರ ಕಿವಿಯಲ್ಲೂ ಈ ಎಣಿಕೆ ಇದೆ.

"ಮೊದಲನೇದಕ್ಕ ಒಂದು ಅಂತೀರೇನು ನಿಮ್ಮ ಅಂಗಡ್ಯಾಗ?" ಎಂದು ಕೇಳಿದೆ.

"ಇಲ್ರೀ ಸರ್, ಲಾಭ ಅಂತೀವಿ," ಎಂದಿತು ತರಗತಿ.

"ನೀವು ಲಾಭ ಅಂತೀರಿ. ಕಂಪ್ಯೂಟರ್ ಸೊನ್ನಿ ಅಂತದ. ಅಂಗಡ್ಯಾಗ ಹೆಂಗೋ ಇಲ್ಲೂ ಹಂಗ. ತಿಳೀತ?"

ತಿಳಿಯಿತು. ಹದಿನೆಂಟು ಮುಖಗಳು ಒಮ್ಮೆಲೇ ಬೆಳಗಿದವು. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಬೆಳಕನ್ನು ನಾನು ಕಂಡದ್ದು ಕರೆಂಟು ಹೋಗಿ ಬಂದಾಗ ಮಾತ್ರ. ಆ ಮಧ್ಯಾಹ್ನ ಮುಖ್ಯಾಧ್ಯಾಪಕಿಯವರ ಕೋಣೆಗೆ ಹೋಗಿ ನನ್ನ ಆವಿಷ್ಕಾರವನ್ನು ಸವಿಸ್ತಾರವಾಗಿ ನಿವೇದಿಸಿದೆ.

"ಲ್ಯಾಬಿನ್ಯಾಗ ಲಾಭ ಅಂದ್ರಿ," ಎಂದರು ಅವರು, ಹಾಜರಿ ಪುಸ್ತಕದಿಂದ ತಲೆ ಎತ್ತದೆ. "ನಮ್ಮ ಸಂಸ್ಥಾದಾಗ ಇದ ಮೊದಲನೇ ಸಲ."

ಹೊಗಳಿಕೆ ಎಂದೇ ತೆಗೆದುಕೊಂಡೆ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ಕಿರುಪರೀಕ್ಷೆ ಇಟ್ಟೆ. ಐದು ವಿಷಯಗಳ ಅಂಕಗಳನ್ನು ಅರೇಯಲ್ಲಿ ಇಟ್ಟು, ಮರಳಿ ಮುದ್ರಿಸಬೇಕು. ಕನ್ನಡ, ಮರಾಠಿ, ಇಂಗ್ಲಿಷ್, ಗಣಿತ, ವಿಜ್ಞಾನ. ಮೊದಲ ಪ್ರಿಂಟು ಕೈಗೆ ಬಂತು. ವಿದ್ಯಾರ್ಥಿಗೆ ಕನ್ನಡದಲ್ಲಿ ಎಪ್ಪತ್ತೆಂಟು. ಮರಾಠಿಯಲ್ಲಿ ನಲವತ್ತೊಂದು ಲಕ್ಷದ ಚಿಲ್ಲರೆ. ಕನ್ನಡ ಶಾಲೆಯ ಮಕ್ಕಳು ಮರಾಠಿಯಲ್ಲಿ ಹಿಂದೆ ಎಂಬ ಅಪವಾದ ತೊಳೆದುಹೋಗುವಂಥ ಸಾಧನೆ. ಎರಡನೆಯ ಪ್ರಿಂಟಿನಲ್ಲೂ ಅದೇ. ಮರಾಠಿಯ ನಿಜವಾದ ಅಂಕ ಇಂಗ್ಲಿಷಿಗೆ ಸರಿದಿತ್ತು, ಇಂಗ್ಲಿಷಿನದು ಗಣಿತಕ್ಕೆ, ಗಣಿತದ್ದು ವಿಜ್ಞಾನಕ್ಕೆ. ವಿಜ್ಞಾನದ ಅಂಕ ಊರು ಬಿಟ್ಟು ಹೋಗಿತ್ತು.

ಮೇಷ್ಟರಾದವನು ಮೊದಲು ಯಂತ್ರವನ್ನು ಸಂಶಯಿಸುತ್ತಾನೆ. ನಾನೂ ಹಾಗೇ ಮಾಡಿದೆ. ಎರಡು ಕಂಪ್ಯೂಟರುಗಳಲ್ಲಿ ಭಾಷೆಯ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಮಕ್ಕಳ ಜಾಗ ಬದಲಿಸಿದೆ. ಒಬ್ಬರದನ್ನೊಬ್ಬರು ನೋಡಿ ಬರೆದಿರಬಹುದೆಂದು ಮರಾಠಿಯಲ್ಲಿ ಒಂದಿಷ್ಟು ಮಾತನಾಡಿದೆ. ಕಡೆಗೆ ಎಲ್ಲ ಪ್ರೋಗ್ರಾಮುಗಳನ್ನು ಮೇಜಿನ ಮೇಲೆ ಹರಡಿ ಒಂದೊಂದೇ ಸಾಲು ಓದಿದೆ. ಹದಿನೆಂಟರಲ್ಲಿ ಹನ್ನೊಂದು ಮಂದಿ ಅಂಕಗಳನ್ನು ತುಂಬಿದ್ದ ಡಬ್ಬಿಗಳ ನಂಬರು ಹೀಗಿತ್ತು: ಸೊನ್ನೆ, ಎರಡು, ಮೂರು, ನಾಲ್ಕು, ಐದು.

ಲಾಭ, ಎರಡು, ಮೂರು.

ಒಂದನೆಯ ನಂಬರಿನ ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ. ಏನೂ ತುಂಬದ ಡಬ್ಬಿಯಲ್ಲಿ ಹಳೆಯ ಕಸ ಇರುತ್ತದೆ. ಕಂಪ್ಯೂಟರ್ ಅದನ್ನೇ ನಿಷ್ಠೆಯಿಂದ ಮುದ್ರಿಸಿ ಮರಾಠಿಯ ಖಾತೆಗೆ ಹಾಕಿತ್ತು. ಸರಿಯಾಗಿ ಬರೆದ ಏಳು ಮಂದಿ ಆ ದಿನ ನನ್ನ ಪಾಠ ಕೇಳದೆ ಪುಸ್ತಕದಿಂದ ಇಳಿಸಿಕೊಂಡವರು.

ಮಾಪಾಡಿಯ ಮಗಳ ಹಾಳೆ ಎಲ್ಲಕ್ಕಿಂತ ಭಯಂಕರವಾಗಿತ್ತು. ಎರಡನೆಯ ಪ್ರಶ್ನೆಯಲ್ಲಿ ಎಂಟು ಚೀಲಗಳ ತೂಕಕ್ಕೆ ಎಂಟು ಡಬ್ಬಿ ಬರೆದು ನಂಬರು ಹಾಕಲು ಹೇಳಿದ್ದೆ. ಅವಳು ಸೊನ್ನೆ ಆದ ಮೇಲೆ ಎರಡರಿಂದ ಆರರವರೆಗೆ ಬರೆದು, ಒಂದು ಡಬ್ಬಿಯನ್ನು ನಂಬರಿಲ್ಲದೆ ಬಿಟ್ಟು, ಕೊನೆಗೆ ಎಂಟು ಎಂದು ಬರೆದಿದ್ದಳು.

"ಇದ್ಯಾಕ ಖಾಲಿ ಬಿಟ್ಟೀ?" ಎಂದೆ.

"ಅದನ್ನ ಅನ್ನಂಗಿಲ್ಲಲ್ರಿ ಸರ್."

"ಯಾವುದನ್ನ?"

"ಆರಾದ ಮ್ಯಾಲಿಂದು. ಅದನ್ನ ಅಂದ್ರ ಲಕ್ಷ್ಮಿ ಎದ್ದು ಹೋಗ್ತಾಳಂತ. ನಮ್ಮಪ್ಪ 'ಮತ್ತೊಂದು' ಅಂತಾರ." ಹಾಳೆಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು: "ನೀವ ಅಂದಿದ್ರಲ್ರಿ, ಅಂಗಡ್ಯಾಗ ಹೆಂಗೋ ಇಲ್ಲೂ ಹಂಗ ಅಂತ."

ನನ್ನ ಮಾತನ್ನು ಇಷ್ಟು ಪೂರ್ತಿಯಾಗಿ ಪಾಲಿಸಿದ ವಿದ್ಯಾರ್ಥಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಸಿಕ್ಕಾಗ ನಾನು ಹೇಳಿದ್ದೇ ತಪ್ಪಾಗಿತ್ತು.

ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ತೇಪೆ ಹಾಕುವುದು ಸುಲಭ. ಲಾಭ ಆದ ಮೇಲೆ ಎರಡು ಬೇಡ, ಒಂದು ಅನ್ನಿ. ಲಾಭ, ಒಂದು, ಎರಡು ಎಂದು ಹೋಗಿ ಎಂದೆ. ಮಕ್ಕಳು ಗೋಣು ಹಾಕಿದರು. ಮಾಪಾಡಿಯ ಮಗಳು ಮಾತ್ರ, "ಹಂಗ ಎಣಿಸಿದ್ರ ನಮ್ಮಪ್ಪನ ಕೆಲ್ಸ ಹೋಗ್ತದ್ರಿ," ಎಂದಳು. ಮುಂದಿನ ವಾರದ ಪರೀಕ್ಷೆಯಲ್ಲಿ ಅವಳ ಮಾತು ನಿಜವಾಯಿತು. ಐದು ಡಬ್ಬಿ ಎಂದ ಕಡೆ ಲಾಭದಿಂದ ಐದರವರೆಗೆ ಹೋಗಿ ಆರು ಡಬ್ಬಿ ಮಾಡಿದ್ದರು. ಮೊದಲು ಹನ್ನೊಂದು ಮಂದಿಯದು ತಪ್ಪಿತ್ತು. ಈಗ ಪುಸ್ತಕ ನಂಬಿದ್ದವರಲ್ಲೂ ಇಬ್ಬರು ನನ್ನನ್ನು ನಂಬಲು ಶುರುಮಾಡಿ ಹದಿಮೂರಾಗಿತ್ತು.

ಅವಳ ಹಾಳೆ ಈ ಸಲ ಅರ್ಧ ಖಾಲಿ. "ನನಗ ಈಗ ಯಾವುದೂ ಖಾತ್ರಿ ಇಲ್ರಿ ಸರ್," ಎಂದಳು. "ಕಾಮರ್ಸೂ ಚಲೋನ ಇರ್ತದಂತ." ಮುಖದ ಮೇಲೆ ನಗೆ ಇತ್ತು.

ಆ ವಾರದ ಒಂದು ಮುಂಜಾನೆ, ಶಾಲೆಗೆ ಹೋಗುವ ಮೊದಲು, ಮಾರ್ಕೆಟ್ ಯಾರ್ಡಿಗೆ ಹೋದೆ. ಯಾಕೆ ಹೋದೆನೆಂದು ಸ್ಪಷ್ಟವಾಗಿ ಹೇಳಲಾರೆ. ಲಾಭ ಅಂದರೆ ಸೊನ್ನೆಯೋ ಒಂದೋ ಎಂದು ಬಲ್ಲವರನ್ನು ಕೇಳಬೇಕಾಗಿತ್ತು. ಕೇಳುವ ಕೆಲಸವನ್ನು ದೀಪಾವಳಿಗೆ ಮೊದಲೇ ಮಾಡಬಹುದಿತ್ತು.

ಮಾಪಾಡಿ ಒಂದು ಲಾರಿಯ ಹಿಂಭಾಗದಲ್ಲಿ ನಿಂತಿದ್ದರು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಹಲಗೆ ಹತ್ತುತ್ತಿದ್ದರು. ಪ್ರತಿಯೊಂದಕ್ಕೂ ಅವರು ಏರುದನಿಯಲ್ಲಿ ಎಣಿಕೆ ಕೂಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನಮಸ್ಕಾರ್ರಿ. ಲಾಭ ಅಂದ್ರ ಸೊನ್ನಿನೋ ಒಂದೋ?"

ಅವರು ಕೈ ಎತ್ತಿದರು. ಹಲಗೆಯ ಮೇಲಿದ್ದ ಹಮಾಲ ಹೊರೆ ಸಮೇತ ನಿಂತ. ಎಣಿಕೆ ತಪ್ಪಿತ್ತು. ಮಾಪಾಡಿ ನನ್ನನ್ನು ಬೈಯಲಿಲ್ಲ, ಲಾರಿಯೊಳಗೆ ಚೀಲ ಜೋಡಿಸುತ್ತಿದ್ದವನನ್ನು ಕೇಳಿದರು: "ಹಿಂದ ಎಷ್ಟು ಹೋದ್ವೋ?"

"ಹನ್ನೆರಡು," ಎಂದಿತು ಒಳಗಿನ ಧ್ವನಿ.

"ಹದಿಮೂರು," ಎಂದರು ಮಾಪಾಡಿ, ನಿಂತಿದ್ದ ಚೀಲವನ್ನು ನೋಡಿ. ಹಮಾಲ ಮುಂದೆ ನಡೆದ.

ಲಾರಿ ತುಂಬಿದ ಮೇಲೆ ಚಹಾ ಹೇಳಿದರು. ನನ್ನ ಪ್ರಶ್ನೆಯನ್ನು ಮರೆತಿರಲಿಲ್ಲ. "ಸೊನ್ನಿ ಅಂತ ಯಾರು ಹೇಳಿದ್ರು ನಿಮಗ?"

ನಾನು ಚಹಾವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಆರಿಸಿದೆ.

"ಲಾಭ ಅಂದ್ರ ಒಂದ ರೀ ಸರ್. ಹೆಸರಷ್ಟ ಬ್ಯಾರೆ. ನಿಮಗ ಸರ್ ಅಂತೀವಿ, ಅಷ್ಟಕ್ಕ ನೀವು ಮನಶ್ಯಾ ಅಲ್ಲಂತ ಆಗ್ತದೇನು?"

ವಿಚಾರ ಮಾಡಿ, ಆಗುವುದಿಲ್ಲ ಎಂದೆ.

"ನಮ್ಮ ಹುಡುಗಿ ಹೆಂಗದಾಳ್ರಿ? ಮನ್ಯಾಗ ಒಂದೂ ಮಾತಾಡವಲ್ಲಳು."

"ಅಕಿ ಬರೋಬರಿ ಅದಾಳ್ರಿ. ನಾನ ಸ್ವಲ್ಪ ತಪ್ಪೇನಿ."

ಅವರು ಬಸಿಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು ಮುಗಿಸಿದರು. "ನೀವು ತಪ್ಪಿದ್ರ ನಡೀತದ್ರಿ ಸರ್. ನಿಮ್ಮ ಪರೀಕ್ಷಾ ಎಂದೋ ಮುಗದದ. ಅಕಿದು ಇನ್ನ ಐತಲ್ಲ."

ಬಸ್ಸಿನಲ್ಲಿ ಕೂತು ಶಾಲೆಗೆ ಬರುವಾಗ ಆ ಮಾತು ಚುಚ್ಚುತ್ತಲೇ ಇತ್ತು. ಅದರ ಜೊತೆಗೆ ಇನ್ನೊಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಿಂದೆ ಎಷ್ಟು ಹೋದವು? ಹನ್ನೆರಡು. ಹಾಗಾದರೆ ಇದು ಹದಿಮೂರನೆಯ ಚೀಲ. ಒಂದೇ ಚೀಲಕ್ಕೆ ಎರಡು ಸಂಖ್ಯೆಗಳು: ಅದು ಎಷ್ಟನೆಯದು ಎಂಬುದು ಒಂದು, ಅದರ ಹಿಂದೆ ಎಷ್ಟು ಇವೆ ಎಂಬುದು ಇನ್ನೊಂದು. ಕಂಪ್ಯೂಟರ್ ಡಬ್ಬಿಯ ಮೇಲೆ ಬರೆಯುವುದು ಎರಡನೆಯದನ್ನು. ಮೊದಲ ಡಬ್ಬಿಯ ಹಿಂದೆ ಏನೂ ಇಲ್ಲ, ಅದಕ್ಕೇ ಸೊನ್ನೆ. ಐದನೆಯದರ ಹಿಂದೆ ನಾಲ್ಕು, ಅದಕ್ಕೇ ನಾಲ್ಕು. ಸಾಲಿನ ಆರಂಭದಿಂದ ಎಷ್ಟು ಡಬ್ಬಿ ದಾಟಬೇಕು ಎಂಬುದಷ್ಟೇ ಯಂತ್ರಕ್ಕೆ ಬೇಕು. ಪಠ್ಯಪುಸ್ತಕದಲ್ಲೂ ಇದೇ ಇತ್ತು, ಸಣ್ಣ ಅಕ್ಷರದಲ್ಲಿ, ನಾನು ಪ್ರತಿವರ್ಷ ಬಿಟ್ಟು ಮುಂದೆ ಹೋಗುತ್ತಿದ್ದ ಪರಿಚ್ಛೇದದಲ್ಲಿ.

ಆ ದಿನ ಎರಡು ನಿರ್ಧಾರ ಮಾಡಿದೆ. ಮೊದಲನೆಯದಾಗಿ, ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದೆ: "ಲಾಭದ ಕುರಿತು ಸದರಿ ಶಿಕ್ಷಕರು ಹೇಳಿದ್ದೆಲ್ಲವನ್ನೂ ಈ ಮೂಲಕ ಹಿಂಪಡೆಯಲಾಗಿದೆ." ಕೆಳಗೆ ಸಹಿ ಮಾಡಿದೆ. ಮಕ್ಕಳು ಅದನ್ನು ನೋಟ್ ಬುಕ್ಕಿಗೆ ಇಳಿಸಿಕೊಂಡರು. ಇಳಿಸಿಕೊಳ್ಳಬೇಡಿ ಎಂದೆ, ಅದನ್ನೂ ಇಳಿಸಿಕೊಂಡರು.

ಎರಡನೆಯದು, ಎರಡು ವಾರ ಕಂಪ್ಯೂಟರುಗಳನ್ನು ಹಚ್ಚುವುದೇ ಇಲ್ಲ. ಮುಖ್ಯಾಧ್ಯಾಪಕಿಯವರು ಕರೆಸಿದರು.

"ಕಂಪ್ಯೂಟರ್ ತಾಸಿನ್ಯಾಗ ಕಂಪ್ಯೂಟರ್ ಬಂದ್ ಅಂತ ಕೇಳಿದೆ. ಪೋರ್ಶನ್ ಬ್ಯಾರೆ ಉಳದದ. ಆಡಳಿತ ಮಂಡಳಿಯವರು ಬಂದು ನೋಡಿದ್ರ ಏನು ಹೇಳ್ಲಿ?"

"ಪಾಠ ನಡದದ ಅನ್ರಿ."

"ಅದನ್ನ ಅವರು ನಂಬಬೇಕಲ್ಲ," ಎಂದರು. ಆಮೇಲೆ ಮೊದಲ ಬಾರಿಗೆ ಹಾಜರಿ ಪುಸ್ತಕದಿಂದ ತಲೆ ಎತ್ತಿದರು. "ಎರಡ ವಾರ. ಹದಿನೈದನೇ ದಿನ ನಾನ ಬಂದು ಸ್ವಿಚ್ ಹಾಕ್ತೀನಿ."

ಹಾಗೆ ಶುರುವಾಯಿತು. ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ನಾಲ್ಕು ಕಂಬ: ಪ್ರೋಗ್ರಾಮಿನ ಸಾಲು, ಡಬ್ಬಿಯ ನಂಬರು, ಅದರೊಳಗಿನ ಬೆಲೆ, ಮುದ್ರಣವಾದದ್ದು. ಒಬ್ಬರು ಸಾಲು ಓದಬೇಕು. ಇನ್ನೊಬ್ಬರು ಕಂಪ್ಯೂಟರ್ ಆಗಿ, ಓದಿದ್ದನ್ನು ಮಾತ್ರ ಮಾಡಿ ಕಂಬ ತುಂಬಬೇಕು. ಬುದ್ಧಿ ಉಪಯೋಗಿಸಿದರೆ ಹಾಳೆ ರದ್ದು. ಪ್ರತಿ ಡಬ್ಬಿಗೂ ಒಂದೇ ಪ್ರಶ್ನೆ: ಹಿಂದ ಎಷ್ಟು? ಮೊದಲ ನಾಲ್ಕು ದಿನ ಇಡೀ ಕೋಣೆ ಆಕಳಿಸಿತು. ಹತ್ತು ಸಾಲಿನ ಪ್ರೋಗ್ರಾಮಿಗೆ ಇಡೀ ತಾಸು ಹೋಗುತ್ತಿತ್ತು. ಐದನೆಯ ದಿನ ಒಬ್ಬ ಹುಡುಗ ತನ್ನ ತಪ್ಪನ್ನು ತಾನೇ ಹಿಡಿದು, ಕಂಪ್ಯೂಟರ್ ಆಗಿದ್ದವಳ ಮೇಲೆ ಹಾಕಲು ನೋಡಿದ. ಇದು ಪ್ರಗತಿ, ದೊಡ್ಡ ಕಂಪನಿಗಳಲ್ಲೂ ಹೀಗೇ ನಡೆಯುತ್ತದೆಂದು ಕೇಳಿದ್ದೇನೆ.

ಮಾಪಾಡಿಯ ಮಗಳು ಎಲ್ಲರಿಗಿಂತ ನಿಧಾನ. ಆದರೆ ಅವಳ ಕೋಷ್ಟಕದಲ್ಲಿ ಒಂದೂ ಚಿತ್ತು ಇರುತ್ತಿರಲಿಲ್ಲ. ಎರಡನೆಯ ವಾರದಲ್ಲಿ ಅವಳು ನಂಬರುಗಳನ್ನು ಗಟ್ಟಿಯಾಗಿ ಓದುತ್ತಿದ್ದಾಗ ಕಿವಿಗೊಟ್ಟೆ. "ನಾಲ್ಕು, ಐದು, ಆರು, ಸೆವೆನ್, ಎಂಟು."

"ಅದೇನು ನಡುವ ಇಂಗ್ಲಿಷು?"

"ಇಂಗ್ಲಿಷಿನ್ಯಾಗ ಅಂದ್ರ ಲಕ್ಷ್ಮಿಗೆ ತಿಳಿಯಂಗಿಲ್ಲ ಬಿಡ್ರಿ ಸರ್."

ಶಾಸ್ತ್ರವೂ ಉಳಿಯಿತು, ಡಬ್ಬಿಯೂ ತುಂಬಿತು. ನಾನು ಆಕ್ಷೇಪಿಸಲಿಲ್ಲ.

ಹದಿನೈದನೆಯ ದಿನ ಮುಖ್ಯಾಧ್ಯಾಪಕಿಯವರು ನಿಜವಾಗಿಯೂ ಬಂದು ಸ್ವಿಚ್ ಹಾಕಿದರು. ಅದೇ ಹಳೆಯ ಪ್ರಶ್ನೆ ಕೊಟ್ಟೆ, ಐದು ವಿಷಯಗಳ ಅಂಕ. ಹದಿನೆಂಟರಲ್ಲಿ ಹದಿನಾರು ಸರಿ. ಉಳಿದ ಇಬ್ಬರಲ್ಲಿ ಒಬ್ಬ ಆ ಎರಡು ವಾರ ಮದುವೆಗಳಿಗೆ ಹೋಗಿದ್ದ. ಇನ್ನೊಬ್ಬನದು ಇಂದಿಗೂ ನಿಗೂಢ.

ಬೋರ್ಡ್ ಪರೀಕ್ಷೆ ಮುಗಿದು, ಬಿಸಿಲು ಏರಿ, ಪ್ರವೇಶ ಪರೀಕ್ಷೆಯ ದಿನ ಬಂತು. ಅಂದು ತಂದೆಗೆ ಲಾರಿಗಳಿದ್ದವು. ಜೊತೆಗೆ ನಾನು ಹೋದೆ. ಬಸ್ಸು ನಿಜವಾಗಿಯೂ ಸೀದಾ ಹೋಗುತ್ತಿತ್ತು. ಬರವಣಿಗೆ ಮುಗಿಸಿ, ಮೌಖಿಕಕ್ಕೆ ಒಳಗೆ ಹೋದವಳು ಉಳಿದವರಿಗಿಂತ ಎರಡು ಪಟ್ಟು ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಕೆಂಪಾಗಿತ್ತು.

"ಏನು ಕೇಳಿದ್ರು?"

"ಅರೇ ತಿರುವಿ ಹಾಕು ಅಂದ್ರು ಸರ್. ಮೊದಲಿಂದು ಕಡೀಕ, ಕಡೀದು ಮೊದಲಿಗೆ. ಬರದೆ. 'ಇದು ಏನು ಮಾಡ್ತದ ಓದಿ ಹೇಳು' ಅಂದ್ರು, ಮರಾಠ್ಯಾಗ. ಕಂಬ ಹಾಕ್ಕೋತ ಹ್ವಾದೆ. ಅರ್ಧಕ್ಕ ಎಲ್ಲಾ ತಿರುಗ್ತು ಸರ್. ಆದ್ರ ನನ್ನ ಪ್ರೋಗ್ರಾಮ್ ನಿಲ್ಲಲೇ ಇಲ್ಲ. ಕಡೀ ತನಕ ಹೋಗಿ ತಿರುಗಿದ್ದನ್ನೆಲ್ಲಾ ಮತ್ತ ತಿರುಗಿಸ್ತು."

"ಅಂದ್ರ?"

"ಮೊದಲು ಹೆಂಗಿತ್ತೋ ಹಂಗ ಆತು. 'ಮತ್ತ ಏನು ಮಾಡಿತು ನಿನ್ನ ಪ್ರೋಗ್ರಾಮು?' ಅಂದ್ರು. ಭಾಳ ಕೆಲಸ ಮಾಡ್ತು ಸರ್, ಆದ್ರ ಎಲ್ಲಾ ಇದ್ದಲ್ಲೇ ಅದ ಅಂದೆ."

"ಹಂಗ ಅಂದ್ಯಾ?"

"ಖರೇನ ಹಂಗ ಆಗಿತ್ತಲ್ರಿ. ಅವರು ನಕ್ರು. ನಮ್ಮ ಆಫೀಸಿನ್ಯಾಗ ಇದಕ್ಕ ವರ್ಷದ ವರದಿ ಅಂತಾರ ಅಂದ್ರು. ಆಮ್ಯಾಗ ಅರ್ಧಕ್ಕ ನಿಲ್ಲಿಸಿ ಬರದೆ. ಅಷ್ಟ್ರಾಗ ಟೈಮ್ ಆತು. ಮೂರನೇ ಪ್ರಶ್ನೆ ಕೇಳಲೇ ಇಲ್ಲ ಸರ್."

ಕೇಳದ ಪ್ರಶ್ನೆಗೆ ಅಂಕ ಎಷ್ಟು ಎಂದು ಬಸ್ಸಿನಲ್ಲಿ ಇಬ್ಬರೂ ಲೆಕ್ಕ ಹಾಕುತ್ತ ಬಂದೆವು.

ಮೊದಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಓಣಿಯ ಕಾಲೇಜಿನ ಫಾರ್ಮು ತಂದಿಟ್ಟಿದ್ದಾರೆ ಎಂದು ಅವಳೇ ಹೇಳಿದಳು, ಹವಾಮಾನದ ಸುದ್ದಿ ಹೇಳಿದ ಹಾಗೆ. ಎಂಟು ದಿನದ ಮೇಲೆ ಎರಡನೆಯ ಪಟ್ಟಿ. ಅದನ್ನು ನಮ್ಮ ಲ್ಯಾಬಿನಲ್ಲೇ ತೆರೆದೆವು. ಪುಟ ನಿಧಾನವಾಗಿ ಇಳಿಯಿತು. ಹೆಸರು ಇತ್ತು, ಅಡ್ಡಹೆಸರಿನ ಕಾಗುಣಿತ ಮರಾಠಿ ಮಾಡಿಕೊಂಡು. ಅವಳು ಪರದೆಯನ್ನು ಎರಡು ಸಲ ಓದಿ, ನಿಲ್ಲಿಸಿ, ಮೇಲಿನಿಂದ ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಫೋನು ಕೇಳಿದಳು.

ಅವಳು ತಂದೆಗೆ ಹೇಳಿದ್ದು ಎರಡೇ ಮಾತು. ಆ ಕಡೆಯಿಂದ ಮಾರ್ಕೆಟ್ಟಿನ ಗದ್ದಲ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ಅಪ್ಪ ನಿಮ್ಮ ಕೂಡ ಮಾತಾಡ್ತಾರಂತ್ರಿ," ಎಂದು ಕಿಟಕಿಯ ಕಡೆ ತಿರುಗಿ ನಿಂತಳು.

"ಸರ್," ಎಂದರು ಮಾಪಾಡಿ. "ಮೂರು ವರ್ಷ ಅಂತಾಳು. ಮೂರು ವರ್ಷ ಏನು ಕಲಸ್ತಾರ್ರಿ ಅಲ್ಲಿ?"

"ಎಣ್ಸೂದು ಕಲಸ್ತಾರ್ರಿ."

"ಅಷ್ಟಕ್ಕ ಮೂರು ವರ್ಷನಾ?"

"ಇಲ್ರಿ. ಎಣ್ಸೂದು ಒಂದು ವರ್ಷ. ಉಳಿದ ಎರಡು ವರ್ಷ, ಎಣಿಕಿ ಎಲ್ಲಿ ತಪ್ಪೇದಂತ ಹುಡುಕೂದು."

ಅವರು ಅದನ್ನು ಚೀಲ ತೂಗುವ ಹಾಗೆ ತೂಗಿ ನೋಡಿದಂತಿತ್ತು. ಹಿಂದೆ ಯಾರೋ ಅವರ ಹೆಸರು ಹಿಡಿದು ಕೂಗುತ್ತಿದ್ದರು.

"ಹಂಗಾದ್ರ ಬರೋಬರಿ ಅದ ತಗೋರಿ," ಎಂದರು. "ಹುಡುಕಾಕ ಟೈಮ್ ಬೇಕ ಬೇಕು."